ಪೊಲಿಟಿಕಲ್ ಸೈಕಾಲಜಿ ಅಂದರೆ ನಾಯಕರ ಮನಸ್ಸು ಓದುವುದಾ? ನಾನು ಇದನ್ನು ಓದಬಹುದಾ?

ಸೈಕಾಲಜಿ ಪದವಿ ಮುಗಿಯುತ್ತಾ ಬಂದಿದೆ, ಮುಂದೆ ರಾಜಕೀಯ ಮನೋವಿಜ್ಞಾನ ಓದಬೇಕು ಅಂತಿದ್ದೀರಿ, ಆದರೆ ಅದು ನಾಯಕರ ಮನಸ್ಸು ಓದುವ ವಿದ್ಯೆಯಾ ಅಂತ ಕೇಳಿದ್ದೀರಿ. ನಾನು ಎಂ.ಎ. ಮಾಡುವಾಗ ಈ ವಿಷಯದ ಹಿಂದೆ ಬಿದ್ದವನು. ಈಗ ಸಮೀಕ್ಷೆಗಳಿಗೆ ಪ್ರಶ್ನೆ ಬರೆಯುವುದೇ ಕೆಲಸ. ಹಾಗಾಗಿ ನನ್ನ ಉತ್ತರ ಆ ಕಡೆಗೇ ಸ್ವಲ್ಪ ವಾಲುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನಾಯಕರ ಬಗ್ಗೆ ಓದುವುದು ಇದೆ, ಇಲ್ಲ ಅನ್ನಲ್ಲ. ರಾಜಕಾರಣಿಗಳನ್ನು ಮನೋವಿಶ್ಲೇಷಣೆಯ ಕಣ್ಣಿನಿಂದ ನೋಡುವ ಪುಸ್ತಕವನ್ನು ಅಮೆರಿಕದ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಲಾಸ್ವೆಲ್ 1930ರಲ್ಲೇ ಬರೆದರು. ಅಮೆರಿಕದ ಅಧ್ಯಕ್ಷ ಕೆನಡಿಯ ಸುತ್ತ ಅಷ್ಟೊಂದು ಬುದ್ಧಿವಂತರಿದ್ದೂ, ಕ್ಯೂಬಾದ ಮೇಲೆ ಮಾಡಿಸಿ ಸೋತ 1961ರ ಬೇ ಆಫ್ ಪಿಗ್ಸ್ ದಾಳಿಯಂಥ ಎಡವಟ್ಟು ಹೇಗಾಯಿತು ಅಂತ ಮನೋವಿಜ್ಞಾನಿ ಇರ್ವಿಂಗ್ ಜಾನಿಸ್ 1972ರಲ್ಲಿ ಕೇಳಿದರು. ಅನುಮಾನ ಇದ್ದ ಕೆಲವರು ಸಭೆಯಲ್ಲಿ ಸುಮ್ನೆ ಕೂತಿದ್ದರು. ಎಲ್ಲರೂ ಒಪ್ಪಿದ್ದಾರೆ ಅನ್ನಿಸಿದಾಗ ಅಪಸ್ವರ ತೆಗೆಯೋದು ಯಾರಿಗೂ ಬೇಡ, ಅಲ್ವಾ?

ಆದರೆ ಈ ವಿಷಯದ ಬಹುಪಾಲು ಇರುವುದು ನಮ್ಮ ನಿಮ್ಮಂಥವರ ಬಗ್ಗೆ. ನನ್ನನ್ನು ಹಿಡಿದು ಹಾಕಿದ್ದು ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಾಡಿದ ಪ್ರಯೋಗ. ಹದಿನಾಲ್ಕು ಹದಿನೈದು ವರ್ಷದ ಶಾಲಾ ಹುಡುಗರು. ಅವರಿಗೆ ಪರದೆಯ ಮೇಲೆ ಒಂದಷ್ಟು ಚುಕ್ಕೆ ತೋರಿಸಿ, ಎಷ್ಟಿವೆ ಅಂದಾಜು ಮಾಡಿ ಅಂದರು. ಆಮೇಲೆ ನೀನು ಜಾಸ್ತಿ ಹೇಳುವವರ ಗುಂಪು, ನೀನು ಕಮ್ಮಿ ಹೇಳುವವರ ಗುಂಪು ಅಂತ ಎರಡು ಪಾಲು ಮಾಡಿದರು. ನಿಜವೇನೆಂದರೆ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ, ಚುಕ್ಕೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಗುಂಪಿನಲ್ಲಿರುವ ಹುಡುಗ ಯಾರು ಅನ್ನುವುದೂ ಅವರಿಗೆ ತಿಳಿಯದು, ಕಾಣುವುದು ಬರೀ ಒಂದು ನಂಬರು ಮತ್ತು ಅವನ ಗುಂಪಿನ ಹೆಸರು. ಈಗ ಇಬ್ಬರಿಗೆ ದುಡ್ಡು ಹಂಚಿ ಅಂದಾಗ ಹುಡುಗರು ತಮ್ಮ ಗುಂಪಿನವನಿಗೇ ಹೆಚ್ಚು ಕೊಟ್ಟರು. ತಮಗೆ ಒಂದು ಪೈಸೆಯೂ ಬರುವಂತಿರಲಿಲ್ಲ. ವಿಚಿತ್ರ ಏನು ಗೊತ್ತಾ, ಎಷ್ಟೋ ಸಲ ನಮ್ಮವನಿಗೆ ಸ್ವಲ್ಪ ಕಮ್ಮಿ ಬಂದರೂ ಪರವಾಗಿಲ್ಲ, ಆ ಗುಂಪಿನವನಿಗಿಂತ ಮೇಲಿದ್ದರೆ ಸಾಕು ಅನ್ನುವ ಹಾಗೆ ಹಂಚಿದರು.

ತಾಜ್‌ಫೆಲ್ ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನ್ನರಿಗೆ ಸೆರೆಸಿಕ್ಕು ಬದುಕಿ ಬಂದರು. ವಾಪಸ್ ಬಂದಾಗ, ನಾಜಿಗಳ ಯಹೂದಿ ನರಮೇಧದಿಂದಾಗಿ, ಮನೆಯವರಲ್ಲಿ ಹೆಚ್ಚುಕಮ್ಮಿ ಯಾರೂ ಉಳಿದಿರಲಿಲ್ಲ. ಚುಕ್ಕೆಗಳ ಆಟ ಯಾಕೆ ಬೇಕಾಯಿತು ಅಂತ ನಾನು ಬೇರೆ ಹೇಳಬೇಕಿಲ್ಲ.

ಈಗ ನನ್ನ ಕೆಲಸದ ಕಡೆಗೆ ಬರುತ್ತೇನೆ. ಮನಸ್ಸು ಯಾರ ಕಣ್ಣಿಗೂ ಕಾಣಲ್ಲ. ಕಾಣುವುದು ಉತ್ತರ, ಅದೂ ನೀವು ಕೇಳಿದ ರೀತಿಗೆ ಬಂದ ಉತ್ತರ. ಈ ವಿಷಯದ ಅರ್ಧ ಜಗಳ ಇಲ್ಲೇ ಇರುವುದು. ಸರ್ವಾಧಿಕಾರಕ್ಕೆ ಮರುಳಾಗುವ ಸ್ವಭಾವ ಯಾರಿಗಿರುತ್ತದೆ ಅಂತ ಅಳೆಯಲು ಜರ್ಮನ್ ಚಿಂತಕ ಅಡಾರ್ನೊ ಮತ್ತು ಅಮೆರಿಕದ ಬರ್ಕ್ಲಿಯ ಸಂಗಡಿಗರು ಮಾಡಿದ, ಒಪ್ಪುತ್ತೀರಾ ಇಲ್ಲವಾ ಅಂತ ಕೇಳುವ ಹೇಳಿಕೆಗಳ ಪಟ್ಟಿ ಎಫ್-ಸ್ಕೇಲ್ 1950ರಲ್ಲಿ ಪ್ರಕಟವಾಯಿತು. ದೊಡ್ಡ ಹೆಸರೂ ಮಾಡಿತು. ಆದರೆ ಅದರ ಎಲ್ಲ ಹೇಳಿಕೆಗಳೂ ಒಂದೇ ದಿಕ್ಕಿಗಿದ್ದವು. ಎಲ್ಲದಕ್ಕೂ ಹೂಂ ಅನ್ನುವ ಅಭ್ಯಾಸ ಇದ್ದವನಿಗೂ ಸರ್ವಾಧಿಕಾರಿ ಸ್ವಭಾವದ ಅಂಕ ಬಿದ್ದುಬಿಡುತ್ತಿತ್ತು.

ಇದನ್ನು ಓದಿ ನಕ್ಕು, ಎಂ.ಎ. ಪ್ರಾಜೆಕ್ಟಿನಲ್ಲಿ ಅದೇ ತಪ್ಪನ್ನು ನಾನೂ ಮಾಡಿದೆ. ಇಪ್ಪತ್ತು ಹೇಳಿಕೆ, ಇಪ್ಪತ್ತೂ ಒಂದೇ ಕಡೆಗೆ. ಒಬ್ಬರು ಮೇಲಿಂದ ಕೆಳಗಿನವರೆಗೆ ‘ಒಪ್ಪುತ್ತೇನೆ’ ಅನ್ನುವ ಕಾಲಮ್ಮಿಗೆ ಉದ್ದಕ್ಕೆ ಒಂದೇ ಗೀಟು ಎಳೆದು ಕೊಟ್ಟಿದ್ದರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಸಮೀಕ್ಷೆಗಳನ್ನು ಅಧ್ಯಯನ ಮಾಡಿದ ಫಿಲಿಪ್ ಕಾನ್ವರ್ಸ್ ಕಥೆ ಇನ್ನೂ ಚೆನ್ನಾಗಿದೆ. ಅಮೆರಿಕದಲ್ಲಿ ಅವೇ ಜನರನ್ನು 1956, 1958, 1960ರಲ್ಲಿ ಮೂರು ಸಲ ಮಾತಾಡಿಸಿದ್ದರು. ವಿದ್ಯುತ್ತು, ವಸತಿಯನ್ನು ಸರ್ಕಾರ ಖಾಸಗಿಯವರಿಗೇ ಬಿಡಬೇಕಾ ಅನ್ನುವ ಪ್ರಶ್ನೆಗೆ ತುಂಬ ಜನರ ಉತ್ತರ ನಾಣ್ಯ ಚಿಮ್ಮಿದ ಹಾಗೆ ಬದಲಾಗುತ್ತಿತ್ತು. ಜನರಿಗೆ ಅಭಿಪ್ರಾಯವೇ ಇರಲಿಲ್ಲ, ಕೇಳಿದರಲ್ಲ ಅಂತ ಏನೋ ಹೇಳಿದರು ಎಂದು ಕಾನ್ವರ್ಸ್ 1964ರಲ್ಲಿ ಬರೆದರು. 1975ರಲ್ಲಿ ರಾಜ್ಯಶಾಸ್ತ್ರಜ್ಞ ಕ್ರಿಸ್ಟೊಫರ್ ಏಕನ್ ಬಂದು, ತಪ್ಪು ಜನರದ್ದಲ್ಲ, ಮಸುಕು ಮಸುಕಾದ ನಿಮ್ಮ ಪ್ರಶ್ನೆಗಳದ್ದು ಅಂದರು. ನಾನು ಏಕನ್ ಕಡೆ. ಹೊಟ್ಟೆಪಾಡು ಅದೇ ಅಲ್ವಾ!

ಇನ್ನು ಓದುವ ವಿಚಾರ. ಇದಕ್ಕೆ ಅಂತಲೇ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1978ರಲ್ಲಿ. ಈಗಲೂ ಈ ಹೆಸರಿನ ಪದವಿ ಅಪರೂಪ. ರಾಜ್ಯಶಾಸ್ತ್ರ ಅಥವಾ ಸೋಷಿಯಲ್ ಸೈಕಾಲಜಿ ವಿಭಾಗಕ್ಕೆ ಸೇರಿ, ಇದರಲ್ಲಿ ಕೆಲಸ ಮಾಡುವ ಮಾರ್ಗದರ್ಶಕರನ್ನು ಹಿಡಿಯುವುದೇ ದಾರಿ. ಸ್ಟಾಟಿಸ್ಟಿಕ್ಸ್ ಕಂಡರೆ ಆಗಲ್ಲ ಅಂದರೆ ಕಷ್ಟ. ಯಾರು ಗೆಲ್ಲುತ್ತಾರೆ ಹೇಳಿ ಅಂತ ಪರಿಚಯದವರೆಲ್ಲ ಕೇಳುತ್ತಾರೆ, ಅದಕ್ಕೂ ತಯಾರಿರಿ.

ಸೇರುವ ಮೊದಲು ಒಂದು ಕೆಲಸ ಮಾಡಿ ನೋಡಿ. ನಿಮಗೆ ಗಟ್ಟಿ ಅಭಿಪ್ರಾಯ ಇರುವ ಒಂದು ವಿಷಯದ ಮೇಲೆ ಹತ್ತು ಹೇಳಿಕೆ ಬರೆಯಿರಿ, ಐದು ಪರ, ಐದು ವಿರೋಧ. ನಿಮ್ಮ ಪರಿಚಯವೇ ಇಲ್ಲದ ಒಬ್ಬರಿಗೆ ಅದನ್ನು ಕೊಟ್ಟು, ಬರೆದವರು ಯಾವ ಕಡೆಯವರು ಅಂತ ಕೇಳಿ. ಥಟ್ಟನೆ ಹೇಳಿಬಿಟ್ಟರೆ ತಿದ್ದಿ ಬರೆದು ಇನ್ನೊಬ್ಬರಿಗೆ ಕೊಡಿ. ನನಗೆ ಮೊದಲ ಸಲ ಆರು ಜನ ಬೇಕಾಯಿತು.