ಸಂಜೆ ಕೊಯ್ದ ಹುಲ್ಲೇ ಹಸುವಿಗೆ ಯಾಕೆ ರುಚಿ?

ಪ್ರಶ್ನೆ: ನಮ್ಮಲ್ಲಿ ಎರಡು ಹಸು ಇವೆ. ಗದ್ದೆ ಬದುವಿನ ಹುಲ್ಲನ್ನೇ ದಿನಾ ಕೊಯ್ದು ಹಾಕುತ್ತೇನೆ. ಸಂಜೆ ಕೊಯ್ದು ತಂದರೆ ಗೋದಲಿ ಖಾಲಿ. ಬೆಳಗ್ಗೆ ಬೇಗ ಕೊಯ್ದು ತಂದರೆ ಮೂಸಿ ನೋಡಿ ಅರ್ಧ ಬಿಡುತ್ತವೆ. ಅದೇ ಬದು, ಅದೇ ಹುಲ್ಲು. ‘ಎಲ್ಲ ನಿನ್ನ ಭ್ರಮೆ’ ಅಂತಾರೆ ನಮ್ಮ ಯಜಮಾನರು. ಬೆಳಗ್ಗೆ ಹುಲ್ಲಿನ ತುದಿಯಲ್ಲಿ ನೀರಿನ ಹನಿ ಇರುತ್ತದಲ್ಲ, ಅದರಿಂದ ರುಚಿ ಕೆಡುತ್ತದಾ?
– ಓದುಗರೊಬ್ಬರು, ಮಲೆನಾಡು

ಉತ್ತರ: ಭ್ರಮೆ ಖಂಡಿತ ಅಲ್ಲ. ನಿಮ್ಮ ಹಸುಗಳು ಸರಿಯಾಗಿಯೇ ಆರಿಸುತ್ತಿವೆ. ಅಮೆರಿಕದ ವಿಜ್ಞಾನಿಗಳು ಒಂದೇ ಹೊಲದ ಫೆಸ್ಕ್ಯೂ ಹುಲ್ಲನ್ನು ಸೂರ್ಯ ಮುಳುಗುವಾಗ ಒಮ್ಮೆ, ಮರುದಿನ ಸೂರ್ಯ ಹುಟ್ಟುವಾಗ ಒಮ್ಮೆ ಕೊಯ್ದು ಒಣಗಿಸಿದರು. ಎರಡನ್ನೂ ದನ, ಕುರಿ, ಆಡುಗಳ ಮುಂದೆ ಇಟ್ಟರು. ಮೂರೂ ಸಂಜೆಯ ಹುಲ್ಲನ್ನೇ ಜಾಸ್ತಿ ತಿಂದವು. 1999ರಲ್ಲಿ ಪ್ರಕಟವಾದ ಕೆಲಸ ಇದು. ನಿಮ್ಮ ಯಜಮಾನರಿಗೆ ಧಾರಾಳವಾಗಿ ತೋರಿಸಬಹುದು.

ಕಾರಣ ಸಕ್ಕರೆ. ಬಿಸಿಲಿರುವಷ್ಟು ಹೊತ್ತು ಎಲೆ ಸಕ್ಕರೆ ಮಾಡುತ್ತದೆ. ಅದರಲ್ಲಿ ಒಂದು ಪಾಲು ಆಗಲೇ ಬೇರಿಗೆ, ಚಿಗುರಿಗೆ, ಕಾಳಿಗೆ ಹೊರಡುತ್ತದೆ. ಉಳಿದದ್ದು ಎಲೆಯಲ್ಲೇ ಕೂಡುತ್ತಾ ಹೋಗುತ್ತದೆ. ಸ್ವಲ್ಪ ಸಕ್ಕರೆಯಾಗಿಯೇ, ಸ್ವಲ್ಪ ಪಿಷ್ಟವಾಗಿ, ಅಂದರೆ ಅನ್ನದ ಗಂಜಿಯಲ್ಲಿರುವ ಅದೇ ವಸ್ತುವಾಗಿ. ಸಂಜೆ ಹೊತ್ತಿಗೆ ಕಣಜ ತುಂಬಿರುತ್ತದೆ. ಕತ್ತಲಾದ ಮೇಲೆ ಹೊಸದಾಗಿ ಮಾಡುವ ಹಾಗಿಲ್ಲ, ಆದರೆ ಉಸಿರಾಡಬೇಕು, ಬೆಳೆಯಬೇಕು, ಬೇರಿಗೂ ಕಳಿಸಬೇಕು. ಬೆಳಗಾಗುವಷ್ಟರಲ್ಲಿ ಕಣಜ ಸಾಕಷ್ಟು ಬರಿದು. ನೀವು ಕುಡುಗೋಲು ಹಿಡಿದು ಹೋಗುವುದು ಆಗಲೇ!

ಇದನ್ನು ಕಣ್ಣಾರೆ ನೋಡಬಹುದು. ಅವರೆ ಗಿಡದ ಒಂದು ಎಲೆಯನ್ನು ಸಂಜೆ ಕೀಳಿ, ಇನ್ನೊಂದನ್ನು ಬೆಳಕು ಹರಿಯುವ ಮುಂಚೆ. ಕಿತ್ತ ತಕ್ಷಣ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ. ಆಮೇಲೆ ಸ್ಪಿರಿಟ್ ಇರುವ ಲೋಟದಲ್ಲಿ ಹಾಕಿ, ಲೋಟವನ್ನು ಬಿಸಿನೀರಿನ ಪಾತ್ರೆಯೊಳಗೆ ಇಡಿ. ಆಗ ಒಲೆ ಆರಿಸಿರಲೇಬೇಕು, ಸ್ಪಿರಿಟ್‌ಗೆ ಬೇಗ ಬೆಂಕಿ ಹತ್ತುತ್ತದೆ. ಹಸಿರು ಇಳಿದು ಎಲೆ ಬಿಳಿಚಿಕೊಳ್ಳುತ್ತದೆ. ತೊಳೆದು, ಮೇಲೆ ಟಿಂಚರ್ ಅಯೋಡಿನ್ ಹಾಕಿ. ಪಿಷ್ಟ ಇದ್ದಲ್ಲಿ ಅದು ಕಪ್ಪುನೀಲಿಗೆ ತಿರುಗುತ್ತದೆ. ಸಂಜೆಯ ಎಲೆ ನೋಡನೋಡುತ್ತಿದ್ದಂತೆ ಕಪ್ಪುನೀಲಿ ಆಗುತ್ತದೆ. ಬೆಳಗಿನದು ಹಳದಿ-ಕಂದಾಗಿಯೇ ಉಳಿಯುತ್ತದೆ. ಎಷ್ಟೋ ವರ್ಷದಿಂದ ಮಾಡುತ್ತಿದ್ದೇನೆ, ಆ ಬಣ್ಣ ಏರುವುದನ್ನು ನೋಡಿ ಇವತ್ತಿಗೂ ಸಾಕಾಗಿಲ್ಲ.

ನನಗೆ ಇದಕ್ಕಿಂತ ದೊಡ್ಡ ಬೆರಗು ಬೇರೆ ಇದೆ. ಗಿಡ ಈ ಕಣಜವನ್ನು ಸುಮ್ನೆ ಖರ್ಚು ಮಾಡುವುದಿಲ್ಲ, ಲೆಕ್ಕ ಹಾಕುತ್ತದೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ಸ್ ಸೆಂಟರ್‌ನಲ್ಲಿ ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡವನ್ನು 12 ಗಂಟೆ ಬೆಳಕು, 12 ಗಂಟೆ ಕತ್ತಲೆಯಲ್ಲಿ ಬೆಳೆಸಿದರು. ಒಂದು ದಿನ ಬರೀ 8 ಗಂಟೆ ಬೆಳಕು ಕೊಟ್ಟು ದೀಪ ಆರಿಸಿಬಿಟ್ಟರು. ಕೂಡಿಟ್ಟದ್ದು ಕಡಿಮೆ, ಮುಂದಿರುವ ರಾತ್ರಿ 16 ಗಂಟೆ. ಉಪವಾಸ ಬೀಳಬೇಕಿತ್ತು, ಅಲ್ವಾ? ಬೀಳಲಿಲ್ಲ. ಆ ರಾತ್ರಿ ಪಿಷ್ಟ ಕರಗಿಸುವ ವೇಗವನ್ನೇ ತಗ್ಗಿಸಿಕೊಂಡು, ಎಂದಿನ ಬೆಳಗಿನ ಹೊತ್ತಿಗೆ ಸರಿಯಾಗಿ ಮುಗಿಸಿತು. ಇರುವ ಪಿಷ್ಟವನ್ನು ಬೆಳಗಾಗಲು ಉಳಿದ ಗಂಟೆಗಳಿಂದ ಭಾಗಿಸಿದಂತೆ! ಬೆಳಗು ಯಾವಾಗ ಎಂದು ಹೇಳುವುದು ಗಿಡದ ಒಳಗಿನ ಗಡಿಯಾರ. ಆ ಗಡಿಯಾರ ಕೆಟ್ಟ ಗಿಡಗಳಲ್ಲಿ ಪಿಷ್ಟ ಬೆಳಗಿಗೆ ಮುಂಚೆಯೇ ಖಾಲಿಯಾಗಿ, ಕೊನೆಯ ಕೆಲವು ಗಂಟೆ ಹಸಿವು.

ಕರಗಿದ ಪಿಷ್ಟ ಮತ್ತೆ ಸಕ್ಕರೆಯಾಗಿ, ನಾಳಗಳಲ್ಲಿ ಹರಿದು ಬೇಕಾದ ಕಡೆ ಸೇರುತ್ತದೆ. ಕರಾವಳಿಯಲ್ಲಿ ಕಳ್ಳು ಇಳಿಸುವ ಮೂರ್ತೆದಾರರಿಗೆ ಇದು ಹೊಸ ವಿಷಯವಲ್ಲ. ತೆಂಗಿನ ಹೊಂಬಾಳೆಯ ತುದಿ ಸವರಿ ಸಂಜೆ ಗಡಿಗೆ ಕಟ್ಟಿ ಬಂದರೆ, ಬೆಳಗ್ಗೆ ಅದರಲ್ಲಿ ಸಿಹಿ ರಸ ಇಳಿದಿರುತ್ತದೆ. ಹೊತ್ತು ಮುಳುಗಿದ ಮೇಲೂ ಮರ ಸಕ್ಕರೆ ಸಾಗಿಸುತ್ತಲೇ ಇತ್ತು ಅಂತ ಅರ್ಥ.

ಇನ್ನು ಆ ಹನಿ. ಹತ್ತಿರದಿಂದ ನೋಡಿ. ಎಲೆಯ ಮೈತುಂಬ ಸಣ್ಣಗೆ ಹರಡಿದ್ದರೆ ಇಬ್ಬನಿ. ತುದಿಯಲ್ಲಿ ಒಂದೇ ಒಂದು ದಪ್ಪ ಮುತ್ತಿನಂತೆ ನಿಂತಿದ್ದರೆ ಅದು ಗಿಡದ ಒಳಗಿನಿಂದಲೇ ಬಂದದ್ದು. ಹಗಲು ಎಲೆಯಿಂದ ನೀರು ಆವಿಯಾಗುತ್ತಾ ಬೇರಿನಿಂದ ನೀರು, ಗೊಬ್ಬರದ ಅಂಶ ಎರಡನ್ನೂ ಮೇಲೆ ಎಳೆಯುತ್ತದೆ. ರಾತ್ರಿ ಎಲೆಯ ರಂಧ್ರಗಳು ಮುಚ್ಚಿ ಆ ಎಳೆತ ಸುಮಾರಾಗಿ ನಿಲ್ಲುತ್ತದೆ. ಬೇರು ಮಾತ್ರ ಲವಣ ಹೀರುತ್ತಲೇ ಇರುತ್ತದೆ, ಅದರ ಹಿಂದೆ ನೀರೂ ನುಗ್ಗುತ್ತದೆ. ಆ ಒತ್ತಡಕ್ಕೆ ತುದಿಯಲ್ಲಿ ಹನಿ ಬರುತ್ತದೆ. ಕೆಸುವಿನ ಎಲೆಯಲ್ಲೂ ನೋಡಿರುತ್ತೀರಿ. ಅದರಲ್ಲಿರುವುದು ನೀರು, ಚೂರು ಲವಣ ಅಷ್ಟೇ. ರುಚಿ ಕೆಡಿಸುವಷ್ಟಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಯೂರಿಯಾದಂಥ ಗೊಬ್ಬರ ಮಣ್ಣಿನಲ್ಲಿ ನೈಟ್ರೇಟ್ ಎಂಬ ಲವಣವಾಗುತ್ತದೆ; ಬೇರು ಹೀರಿದ ಅದನ್ನು ಎಲೆ ಅರಗಿಸಿಕೊಳ್ಳುವುದು ಮುಖ್ಯವಾಗಿ ಬೆಳಕಿನಲ್ಲಿ. ಹಾಗಾಗಿ ಯೂರಿಯಾ ಜಾಸ್ತಿ ಬಿದ್ದ ಮೇವನ್ನು ನಸುಕಿನಲ್ಲಿ ಅಥವಾ ಮೋಡ ಮುಸುಕಿದ ದಿನಗಳಲ್ಲಿ ಕೊಯ್ದರೆ ಅದರಲ್ಲಿ ನೈಟ್ರೇಟ್ ಹೆಚ್ಚಿರಬಹುದು. ಅದು ಹಸುವಿಗೆ ವಿಷ.

ಆದಷ್ಟು ಸಂಜೆ ನಾಲ್ಕರ ಮೇಲೆ ಕೊಯ್ಯಿರಿ. ಮರುದಿನ ಬೆಳಗಿಗೂ ಸೇರಿಸಿ ಕೊಯ್ದರೆ ರಾಶಿ ಹಾಕಬೇಡಿ. ಕೊಯ್ದ ಹುಲ್ಲೂ ಉಸಿರಾಡುತ್ತಾ ಸಕ್ಕರೆ ಸುಡುತ್ತದೆ. ರಾಶಿಯೊಳಗೆ ಕೈ ತೂರಿಸಿದರೆ ಬಿಸಿ ತಗಲುತ್ತದಲ್ಲ, ಅದು ಅದೇ. ಕೊಟ್ಟಿಗೆಯಲ್ಲಿ ತೆಳ್ಳಗೆ ಹರಡಿಡಿ.