ನವೀಕರಿಸಬಹುದಾದ ಇಂಧನ ಮೇಳದ ಹಿಂದಿರುವ ಸಂಬಳವಿಲ್ಲದ ಮಂಡಳಿ ಏನು ಮಾಡುತ್ತದೆ?

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1990ರಲ್ಲಿ ಶುರುವಾದ ಎನರ್ಜಿ ಫೇರ್‌ನಂಥ ಮೇಳಗಳಲ್ಲಿ ಗೇಟು ಕಾಯುವುದು, ಮಳಿಗೆ ಕಟ್ಟುವುದು ಕಾರ್ಯಕರ್ತರ ಪಾಲು. ಬಜೆಟ್, ವಿಮೆ, ಲೆಕ್ಕಪತ್ರಗಳ ಹೊಣೆ ಮಂಡಳಿಯದು.

ಎಡವಟ್ಟಾಗುವುದು ಹೆಚ್ಚಾಗಿ ಹಿತಾಸಕ್ತಿಯ ವಿಷಯದಲ್ಲಿ. ಸೋಲಾರ್ ವ್ಯಾಪಾರ ಇರುವವರೇ ಉತ್ಸಾಹದಿಂದ ಸದಸ್ಯರಾಗಿರುತ್ತಾರೆ. ಅವರ ಕಂಪನಿಯ ಗುತ್ತಿಗೆ ಚರ್ಚೆಗೆ ಬಂದಾಗ ಅವರು ಸಂಬಂಧ ತಿಳಿಸಿ ಹೊರಗೆ ಹೋಗಬೇಕು, ಮತ ಹಾಕಬಾರದು. ಇದು ನಡಾವಳಿಯಲ್ಲಿ ದಾಖಲಾಗಲೇಬೇಕು.

ಸೋಲಾರ್‌ನಿಂದ ನಡೆಯುವ ವೇದಿಕೆಯ ವಿದ್ಯುತ್ ಲೆಕ್ಕವನ್ನೂ ಮಂಡಳಿ ಕೇಳಿ ನೋಡಬೇಕು. 2 ಕಿಲೋವ್ಯಾಟ್ ಧ್ವನಿವರ್ಧಕ 5 ತಾಸು ನಡೆದರೆ 10 ಯೂನಿಟ್. 48 ವೋಲ್ಟ್, 200 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ 9.6 ಯೂನಿಟ್ ಇದ್ದರೂ, ಬಾಳಿಕೆ ಕೆಡದಂತೆ ಬಳಸಬಹುದಾದದ್ದು ಸುಮಾರು ಅರ್ಧ. ಮೋಡ ಕವಿದರೆ ಹಾಡಿನ ನಡುವೆಯೇ ಇನ್ವರ್ಟರ್ ಕೀಂಗುಟ್ಟಿ ನಿಲ್ಲುತ್ತದೆ.