ಟ್ರಯಲ್‌ಗೆ ಸಹಿ ಹಾಕುವ ಮುನ್ನ

ಆಳಂದ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ನಮ್ಮ ಕಾಕಿಗೆ ಗರ್ಭಕೊರಳಿನ ಕ್ಯಾನ್ಸರ್ ಆಗ್ಯಾದ. ನಾಲ್ಕೈದು ದೇಶದವರು ಕೂಡಿ ಮಾಡೋ ಟ್ರಯಲ್‌ಗೆ ಸೇರ್ತೀರೇನು ಅಂತ ಡಾಕ್ಟರು ಕೇಳ್ಯಾರ. ಹೊರದೇಶದವರ ಪ್ರಯೋಗಕ್ಕ ಬಡವರ ಮೈನೇ ಬೇಕೇನ್ರಿ?’

ಸಂಪಾದಕರ ಉತ್ತರ:

ನಿಮ್ಮ ಸಂಶಯಕ್ಕೆ ಆಧಾರವಿದೆ. ನಿಮ್ಮ ತಾಲ್ಲೂಕಿಗೆ ಗಡಿ ಹಚ್ಚಿಕೊಂಡಿರುವ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲೇ 1999ರಲ್ಲಿ ಇದೇ ಕ್ಯಾನ್ಸರಿನ ತಪಾಸಣೆ ಕುರಿತ ಇಂಥದೊಂದು ಅಧ್ಯಯನ ಶುರುವಾಯಿತು. ಫ್ರಾನ್ಸಿನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ, ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆ ಕೂಡಿ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿದವು. ಒಂದೇ ಸಲ ಎಚ್‌ಪಿವಿ (ಈ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ತಪಾಸಣೆ ಮಾಡದ ನಾಲ್ಕನೆಯ ಗುಂಪಿನಲ್ಲಿ 64. ಫಲಿತಾಂಶ ದೊಡ್ಡದೇ. ಆದರೆ ಆ ನಾಲ್ಕನೆಯ ಗುಂಪಿಗೆ ಬರೀ ತಿಳಿವಳಿಕೆ ಹೇಳಿ ಬಿಟ್ಟದ್ದು ಸರಿಯೇ ಎಂದು ತಕರಾರು ಎದ್ದಿತು. ತಕರಾರು ನ್ಯಾಯವಾದದ್ದೇ ಎಂಬುದು ನಮ್ಮ ಅಭಿಪ್ರಾಯ.

ಹಾಗಾಗಿ ಹೊರದೇಶವೋ ಒಳದೇಶವೋ ಎಂಬುದು ಆಮೇಲಿನ ಮಾತು, ಹೊಸ ಚಿಕಿತ್ಸೆ ಸಿಗದ ಗುಂಪಿಗೆ ಏನು ಸಿಗುತ್ತದೆ ಎಂಬುದು ಮೊದಲಿನ ಮಾತು. ಯಾರು ಯಾವ ಗುಂಪು ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸುತ್ತದೆ, ಡಾಕ್ಟರ ಕೈಯಲ್ಲಿಲ್ಲ. ಕಾಕಿ ಆ ಹೋಲಿಕೆಯ ಗುಂಪಿಗೆ ಬಿದ್ದರೆ ಏನು ಚಿಕಿತ್ಸೆ ಎಂದು ಕೇಳಿ. ಗಡ್ಡೆ ದೊಡ್ಡದಾಗಿ ಆಪರೇಷನ್ ಹಂತ ದಾಟಿದ್ದು, ದೂರದ ಅಂಗಗಳಿಗೆ ಹರಡಿಲ್ಲದಿದ್ದರೆ, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕಿಮೊ ಔಷಧದ ಜೊತೆ ರೇಡಿಯೇಷನ್, ಮೇಲೆ ಬ್ರೇಕಿಥೆರಪಿ (ಒಳಗಿನಿಂದಲೇ ಗಡ್ಡೆಗೆ ಕೊಡುವ ರೇಡಿಯೇಷನ್) ಸಿಗಲೇಬೇಕು. ಕಿಡ್ನಿ ತಡೆಯುವುದಿಲ್ಲ ಎಂದು ಸಿಸ್‌ಪ್ಲಾಟಿನ್ ಬಿಟ್ಟರೆ ಅದು ಬೇರೆ. ಕಾರಣವಿಲ್ಲದೆ ಇದಕ್ಕಿಂತ ಕಡಿಮೆ ಎಂದರೆ ಸಹಿ ಬೇಡ.

ದೇಶಗಳೇಕೆ ಕೂಡಬೇಕು? ಬ್ರಿಟನ್ ಮುಂದಾಳಾಗಿ ಭಾರತ, ಮೆಕ್ಸಿಕೊ, ಇಟಲಿ, ಬ್ರೆಜಿಲ್ ಸೇರಿದ ಇಂಟರ್‌ಲೇಸ್ ಟ್ರಯಲ್‌ಗೆ 500 ಮಂದಿಯನ್ನು ಸೇರಿಸುವಷ್ಟರಲ್ಲಿ ಹತ್ತು ವರ್ಷ ಆಯಿತು; ಒಂದೇ ದೇಶವಾದರೆ ಇನ್ನೂ ತಡವಾಗುತ್ತಿತ್ತು. ಅದರಲ್ಲಿ ಹೊಸ ಚಿಕಿತ್ಸೆಯ ಗುಂಪಿಗೆ ಮೊದಲು ಆರು ವಾರ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟಾಕ್ಸೆಲ್ ಎಂಬ ಕಿಮೊ ಔಷಧ. ಏಳನೆಯ ವಾರವೇ ರೇಡಿಯೇಷನ್. ಐದು ವರ್ಷಕ್ಕೆ ಬದುಕಿದ್ದವರು ಶೇ 80, ರೂಢಿಯ ಚಿಕಿತ್ಸೆಯಲ್ಲಿ ಶೇ 72. ಎರಡೂ ಹಳೆಯ, ಪೇಟೆಂಟ್ ತೀರಿದ ಔಷಧ. ಅದಕ್ಕೇ ನಮ್ಮ ಕಡೆಗೆ ಇದು ದುಬಾರಿ ಇಮ್ಯುನೊಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಚಿಕಿತ್ಸೆ) ಟ್ರಯಲ್‌ಗಳಿಗಿಂತ ಹತ್ತಿರದ ಸುದ್ದಿ. ಕೆಡುವುದು ನಡುವಿನ ಬಿಡುವಿನಲ್ಲಿ. ಕಿಮೊ ಮುಗಿಯಿತು, ತೊಗರಿ ರಾಶಿ ಮಾಡಿ ಬರ್ತೀವಿ ಎಂದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ರೇಡಿಯೇಷನ್ ಶುರುವಾದರೆ ಬ್ರೇಕಿಥೆರಪಿ ಸಹಿತ 56 ದಿನದೊಳಗೆ ಮುಗಿಯಬೇಕು.

ಸಿಟಿಆರ್‌ಐ (ದೇಶದ ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ಜಾಲತಾಣ) ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ನಿಮ್ಮ ಆಸ್ಪತ್ರೆಯ ಹೆಸರು, ನೈತಿಕ ಸಮಿತಿಯ ಒಪ್ಪಿಗೆ ಅಲ್ಲಿ ಕಾಣುತ್ತದೆ. ಒಪ್ಪಿಗೆ ಪತ್ರ ಕಾಕಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದು ಬಾರದಿದ್ದರೆ ಹೆಬ್ಬೆಟ್ಟಿನ ಜೊತೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯ ಸಹಿ ಬೇಕು. ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಟ್ರಯಲ್‌ನಿಂದ ಹಾನಿಯಾದರೆ ಪರಿಹಾರ ಕೊಡುವ ಹೊಣೆ 2019ರ ನಿಯಮದಂತೆ ಪ್ರಾಯೋಜಕರದು, ಅಂದರೆ ಟ್ರಯಲ್ ನಡೆಸುವ ಹೊಣೆ ಹೊತ್ತ ಕಂಪನಿ ಅಥವಾ ಸಂಸ್ಥೆಯದು. ನಡುವೆ ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಓಡಾಟದ ಖರ್ಚು, ಜೊತೆಗೆ ಬರುವವರ ವಸತಿ ಯಾರದೆಂದು ಮಾತ್ರ ಬಾಯಿಮಾತಿನಲ್ಲಿ ಬಿಡಬೇಡಿ, ಬರೆಸಿಕೊಳ್ಳಿ.